ಕಿನೊಸಾಕಿ ಒನ್‌ಸೆನ್

ಜಪಾನಿನ ಹೊನ್ಶು ದ್ವೀಪದಲ್ಲಿ, ಹ್ಯೋಗೊ ಪ್ರಾಂತ್ಯದ ಉತ್ತರದ ಅಂಚಿನಲ್ಲಿರುವ ಬಿಸಿನೀರ ಬುಗ್ಗೆಗಳ ಊರು. ಮರುಯಾಮಾ ನದಿ ಜಪಾನ್ ಸಮುದ್ರ ಸೇರುವುದಕ್ಕೆ ಕೆಲವೇ ಕಿಲೋಮೀಟರ್ ಮೊದಲು ಓತಾನಿ ಎಂಬ ಸಣ್ಣ ಹೊಳೆ ಅದಕ್ಕೆ ಬಂದು ಕೂಡುತ್ತದೆ. ಆ ಹೊಳೆಯ ಇಕ್ಕಟ್ಟಾದ ಕಣಿವೆಯೇ ಊರು. ಹೊಳೆಯ ಎರಡೂ ದಂಡೆಗೆ ವಿಲೋ ಮರಗಳು, ಅಲ್ಲಲ್ಲಿ ಕಮಾನಿನ ಕಲ್ಲುಸೇತುವೆಗಳು, ಅವುಗಳ ಹಿಂದೆ ಎರಡು-ಮೂರು ಅಂತಸ್ತಿನ ಮರದ ವಸತಿಗೃಹಗಳು. ಊರಿನ ಹಳೆಯ ಹೆಸರು ಯುಶಿಮಾ. 1895ರಲ್ಲಿ ಕಿನೊಸಾಕಿ ಪಟ್ಟಣವಾಯಿತು. 2005ರಿಂದ ತೊಯೊಓಕಾ ನಗರದ ಆಡಳಿತಕ್ಕೆ ಸೇರಿದೆ.

ಜಪಾನಿನಲ್ಲಿ ಬಿಸಿನೀರ ಬುಗ್ಗೆಯ ಊರುಗಳಿಗೆ ಕೊರತೆಯಿಲ್ಲ. ಕುಸಾತ್ಸು, ಅರಿಮಾ, ದೋಗೊ, ಬೆಪ್ಪು ಇವೆಲ್ಲ ಕಿನೊಸಾಕಿಗಿಂತ ದೊಡ್ಡ ಹೆಸರುಗಳೇ. ನೀರಿನ ಪ್ರಮಾಣದಲ್ಲಾಗಲಿ ಬಿಸಿಯಲ್ಲಾಗಲಿ ಕಿನೊಸಾಕಿ ಮೊದಲ ಸಾಲಿನದಲ್ಲ. ಇದು ಬೇರೆಯಾಗಿ ನಿಲ್ಲುವುದು ಊರು ತನ್ನ ನೀರನ್ನು ಹಂಚಿಕೊಂಡಿರುವ ರೀತಿಯಿಂದ. ರೈಲು ನಿಲ್ದಾಣ ಮನೆಯ ಹೆಬ್ಬಾಗಿಲು, ಬೀದಿ ಪಡಸಾಲೆ, ಒಂದೊಂದು ವಸತಿಗೃಹವೂ ಒಂದೊಂದು ಕೋಣೆ, ಏಳು ಸಾರ್ವಜನಿಕ ಸ್ನಾನಗೃಹಗಳು ಆ ಮನೆಯ ಬಚ್ಚಲು ಎಂದು ಇಲ್ಲಿನ ಜನ ತಮ್ಮ ಊರನ್ನು ವರ್ಣಿಸುತ್ತಾರೆ. ಪ್ರವಾಸಿಗರನ್ನು ಸೆಳೆಯಲು ಹೊಸೆದ ಮಾತಿನಂತೆ ಇದು ಕೇಳಿಸಬಹುದು. ಆದರೆ ಈ ಏರ್ಪಾಡನ್ನು ಉಳಿಸಿಕೊಳ್ಳಲು ಊರು ದಶಕಗಳ ಕಾಲ ಜಗಳವಾಡಿದೆ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ.

ಹುಟ್ಟಿನ ಕಥೆಗಳು

ಬುಗ್ಗೆಯ ಹುಟ್ಟಿನ ಬಗ್ಗೆ ಎರಡು ಐತಿಹ್ಯಗಳಿವೆ. ಗಾಯಗೊಂಡ ಕೊಕ್ಕರೆಯೊಂದು ಜೌಗಿನಲ್ಲಿ ಕಾಲಿಟ್ಟು ನಿಂತು ವಾಸಿಯಾಗಿ ಹಾರಿಹೋಯಿತು, ಆ ಜಾಗವನ್ನು ಅಗೆದು ನೋಡಿದರೆ ಬಿಸಿನೀರು ಸಿಕ್ಕಿತು ಎಂಬುದು ಒಂದು. ದೋಚಿ ಎಂಬ ಬೌದ್ಧ ಸನ್ಯಾಸಿ ರೋಗಿಗಳಿಗಾಗಿ ಸಾವಿರ ದಿನ ಪ್ರಾರ್ಥನೆ ಮಾಡಿದ, ವ್ರತ ಮುಗಿದ 720ನೇ ಇಸವಿಯಲ್ಲಿ ನೀರು ಚಿಮ್ಮಿತು ಎಂಬುದು ಇನ್ನೊಂದು. ಕೊಕ್ಕರೆಯ ಜಾಗದಲ್ಲಿ ಇಂದು ಕೋನೊಯು ಸ್ನಾನಗೃಹವಿದೆ, ಸನ್ಯಾಸಿಯ ಜಾಗದಲ್ಲಿ ಮಂದಾರಾಯು. ದೋಚಿಯ ಹೆಸರಿನೊಂದಿಗೆ ಬೆಸೆದ ಒನ್‌ಸೆನ್‌ಜಿ ದೇವಾಲಯ ಊರಿನ ಹಿಂದಿನ ದೈಶಿ ಬೆಟ್ಟದ ಇಳಿಜಾರಿನಲ್ಲಿದ್ದು, 738ರಲ್ಲಿ ಸ್ಥಾಪನೆಯಾಯಿತೆಂದು ಪ್ರತೀತಿ. ಹನ್ನೊಂದು ಮುಖಗಳ ಕನ್ನೊನ್ (ಅವಲೋಕಿತೇಶ್ವರ) ಅಲ್ಲಿನ ಮೂಲ ವಿಗ್ರಹ. ಅದರ ದರ್ಶನ ಸಿಗುವುದು 33 ವರ್ಷಗಳಿಗೊಮ್ಮೆ.

ಹಿಂದೆ ಕಿನೊಸಾಕಿಗೆ ಬಂದವರು ನೇರವಾಗಿ ನೀರಿಗೆ ಇಳಿಯುತ್ತಿರಲಿಲ್ಲ. ಮೊದಲು ಬೆಟ್ಟ ಹತ್ತಿ ದೇವಾಲಯದಲ್ಲಿ ದೋಚಿಗೆ ವಂದಿಸಿ, ಅಲ್ಲಿ ಕೊಡುವ ಸ್ನಾನದ ಸೌಟನ್ನು ಪಡೆದು, ಅದನ್ನು ಹಿಡಿದುಕೊಂಡು ಇಳಿದು ಬಂದು ಸ್ನಾನ ಮಾಡುವುದು ಪದ್ಧತಿ. ಬುಗ್ಗೆಯ ನೀರು ಔಷಧ, ಔಷಧವನ್ನು ಕೇಳಿ ಪಡೆಯಬೇಕು ಎಂಬ ನಂಬಿಕೆ ಅದರ ಹಿಂದಿತ್ತು. ಬರುವವರು ಒಂದು ರಾತ್ರಿಗಲ್ಲ, ವಾರಗಟ್ಟಲೆ ನಿಂತು ದಿನಕ್ಕೆ ಹಲವು ಸಲ ಮೀಯಲು ಬರುತ್ತಿದ್ದರು.

1267ರಲ್ಲಿ ಸಾಮ್ರಾಟ ಗೊ-ಹೊರಿಕಾವಾನ ಅಕ್ಕ ಅಂಕಾಮೊನ್‌ಇನ್ ಇಲ್ಲಿಗೆ ಬಂದದ್ದು ಮಧ್ಯಯುಗದ ಇತಿಹಾಸ ಗ್ರಂಥ ‘ಮಸುಕಾಗಾಮಿ’ಯಲ್ಲಿ ದಾಖಲಾಗಿದೆ. ಗೋಶೊನೊಯು ಸ್ನಾನಗೃಹದ ಹೆಸರಿನಲ್ಲಿರುವ ‘ಅರಮನೆ’ಗೆ ಆ ಭೇಟಿಯೇ ಕಾರಣ. 18ನೇ ಶತಮಾನದಲ್ಲಿ ಬುಗ್ಗೆಸ್ನಾನದ ಚಿಕಿತ್ಸೆಯನ್ನು ಪ್ರತಿಪಾದಿಸಿದ ವೈದ್ಯ ಕಾಗಾವಾ ಶುತೊಕು ಇಲ್ಲಿನ ಒಂದು ಬುಗ್ಗೆಯನ್ನು ದೇಶಕ್ಕೇ ಮೊದಲನೆಯದೆಂದು ಹೊಗಳಿದ. ಅದೇ ಇಚಿನೊಯು, ‘ಮೊದಲ ನೀರು’. 1864ರಲ್ಲಿ ಕ್ಯೋಟೊದ ಅರಮನೆ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಚೋಶು ಸಂಸ್ಥಾನದ ಪಕ್ಷ ಸೋತಾಗ, ಮುಂದೆ ಮೇಜಿ ಸರಕಾರದ ಕಂಬಗಳಲ್ಲೊಬ್ಬನಾದ ಕತ್ಸುರಾ ಕೊಗೊರೊ ತಲೆಮರೆಸಿಕೊಂಡು ಬಂದು ಇಲ್ಲಿನ ವಸತಿಗೃಹವೊಂದರಲ್ಲಿ ಅಡಗಿದ್ದ. 1909ರಲ್ಲಿ ರೈಲು ಬಂತು. ಅಲ್ಲಿಂದ ಮುಂದೆ ಕ್ಯೋಟೊ, ಒಸಾಕಾಗಳ ಮಧ್ಯಮ ವರ್ಗಕ್ಕೂ ಊರು ಕೈಗೆಟಕಿತು.

ಶಿಗಾ ನವೋಯಾ

ಇಂದು ಜಪಾನಿನ ಓದುಗರಿಗೆ ಕಿನೊಸಾಕಿ ಎಂದೊಡನೆ ನೆನಪಾಗುವುದು ಒಂದು ಸಣ್ಣ ಕಥೆ. 1913ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಯಮನೊತೆ ಮಾರ್ಗದ ರೈಲು ಬಡಿದು ತೀವ್ರವಾಗಿ ಗಾಯಗೊಂಡ ಯುವ ಲೇಖಕ ಶಿಗಾ ನವೋಯಾ, ಚೇತರಿಸಿಕೊಳ್ಳಲು ಅದೇ ವರ್ಷದ ಶರತ್ಕಾಲದಲ್ಲಿ ಇಲ್ಲಿಗೆ ಬಂದು ಮಿಕಿಯಾ ಎಂಬ ವಸತಿಗೃಹದಲ್ಲಿ ಉಳಿದ. ಆ ದಿನಗಳಲ್ಲಿ ಕಂಡ ಮೂರು ಸಾವುಗಳ ಸುತ್ತ ಬರೆದ ‘ಕಿನೊಸಾಕಿ ನಿ ತೆ’ (ಕಿನೊಸಾಕಿಯಲ್ಲಿ) 1917ರಲ್ಲಿ ‘ಶಿರಾಕಾಬಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾಡಿನ ಮೇಲೆ ಸತ್ತು ಬಿದ್ದಿದ್ದ ಜೇನುಹುಳು. ಕುತ್ತಿಗೆಗೆ ಕಡ್ಡಿ ಚುಚ್ಚಿಸಿಕೊಂಡು ಹೊಳೆಯಲ್ಲಿ ಈಜಿ ಪಾರಾಗಲು ಹೆಣಗುವ ಇಲಿ. ಲೇಖಕ ಸುಮ್ಮನೆ ಎಸೆದ ಕಲ್ಲು ತಗುಲಿ ಸಾಯುವ, ಹಲ್ಲಿಯಂಥ ಒಂದು ನೀರಜೀವಿ. ಕಥೆಯಲ್ಲಿ ಇರುವುದು ಇಷ್ಟೇ. ಬುಗ್ಗೆಯ ವರ್ಣನೆಯನ್ನಾಗಲಿ ವಸತಿಗೃಹದ ವೈಭವವನ್ನಾಗಲಿ ಅದರಲ್ಲಿ ಹುಡುಕಬಾರದು. ಸಾವಿನ ಹತ್ತಿರ ಹೋಗಿ ಬಂದವನೊಬ್ಬ ಮೈ ಬಿಸಿನೀರಲ್ಲಿಟ್ಟು ಮನಸ್ಸನ್ನು ತಣ್ಣಗೆ ಮಾಡಿಕೊಳ್ಳುವ ಬಗೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಬರಹ ಅಪರೂಪ. ಜಪಾನಿ ಗದ್ಯದ ಮಾದರಿಗಳಲ್ಲಿ ಒಂದೆಂದು ಅದನ್ನು ಎಣಿಸುವುದು ನ್ಯಾಯವೇ.

ಭೂಕಂಪ ಮತ್ತು ಮರುನಿರ್ಮಾಣ

ಶಿಗಾ ಕಂಡ ಊರು ಇಂದಿಲ್ಲ. 1925ರ ಮೇ 23ರಂದು, ಮಧ್ಯಾಹ್ನದ ಅಡುಗೆಗೆ ಒಲೆ ಹೊತ್ತಿಸಿದ್ದ ಹೊತ್ತಿನಲ್ಲಿ, ಉತ್ತರ ತಾಜಿಮಾ ಭೂಕಂಪ ಸಂಭವಿಸಿತು (ತಾಜಿಮಾ ಈ ಸೀಮೆಯ ಹಳೆಯ ಹೆಸರು). ಒಟ್ಟು 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಕಿನೊಸಾಕಿಯವರು. ನಡುಕಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಬೆಂಕಿ. ಇಕ್ಕಟ್ಟಾದ ಕಣಿವೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದ ಮರದ ಕಟ್ಟಡಗಳು ಒಂದೇ ದಿನದಲ್ಲಿ ಬೂದಿಯಾದವು. ಆದ್ದರಿಂದ 1300 ವರ್ಷಗಳ ಊರು ಎಂದು ಕೇಳಿ ಬಂದವರು ಬೀದಿಯಲ್ಲಿ ನೋಡುವುದೆಲ್ಲ ಹೆಚ್ಚು ಕಡಿಮೆ ನೂರು ವರ್ಷದ ಈಚಿನದು.

ಇದರಿಂದ ಊರಿನ ಬೆಲೆ ಕುಗ್ಗುವುದಿಲ್ಲ, ನನ್ನ ಎಣಿಕೆಯಲ್ಲಿ ಹೆಚ್ಚುತ್ತದೆ. ಮರುನಿರ್ಮಾಣದಲ್ಲಿ ಬೀದಿಗಳನ್ನು ಅಗಲಿಸಿದರು. ಪದೇ ಪದೇ ಉಕ್ಕುತ್ತಿದ್ದ ಓತಾನಿ ಹೊಳೆಯ ದಂಡೆಯನ್ನು ಎತ್ತರಿಸಿದರು. ಬೆಂಕಿ ಹರಡದಂತೆ ತಡೆಯಲು ನಡುನಡುವೆ ಕಾಂಕ್ರೀಟಿನ ಕಟ್ಟಡಗಳನ್ನು ನಿಲ್ಲಿಸಿದರು. ಆದರೆ ವಸತಿಗೃಹಗಳನ್ನು ಮಾತ್ರ ಮತ್ತೆ ಮರದಲ್ಲೇ ಕಟ್ಟಿದರು. ಎಲ್ಲವನ್ನೂ ಕಳೆದುಕೊಂಡ ಊರಿಗೆ ತನ್ನ ಹಳೆಯ ಚಹರೆಯನ್ನು ಬಿಟ್ಟುಕೊಡಲು ಅದಕ್ಕಿಂತ ಸುಲಭದ ಸಮಯ ಇನ್ನೊಂದಿರಲಿಲ್ಲ. ಹೊಳೆಯ ದಂಡೆಗೆ ಕಟ್ಟಿದ ಕಲ್ಲು ಹತ್ತಿರದ ಗೆಂಬುದೊ ಗುಹೆಗಳ ಬಸಾಲ್ಟ್. ಭೂಕಂಪದಲ್ಲಿ ಅಲ್ಲಿಂದ ಉರುಳಿ ಬಿದ್ದ ಕಲ್ಲುಕಂಬಗಳ ತುಂಡುಗಳನ್ನೇ ತಂದು ಬಳಸಿದರು. ಷಟ್ಕೋನದ ಆ ತುಂಡುಗಳ ತಲೆಯನ್ನು ದಂಡೆಯ ಗೋಡೆಯಲ್ಲಿ ಈಗಲೂ ಗುರುತಿಸಬಹುದು.

ಒಳಸ್ನಾನದ ವ್ಯಾಜ್ಯ

ಭೂಕಂಪಕ್ಕೆ ಮುಂಚೆ ಕಿನೊಸಾಕಿಯ ಯಾವ ವಸತಿಗೃಹದಲ್ಲೂ ಬುಗ್ಗೆಯ ನೀರಿನ ಸ್ನಾನದ ತೊಟ್ಟಿ ಇರಲಿಲ್ಲ. ಅತಿಥಿ ಎಷ್ಟೇ ದೊಡ್ಡವನಾಗಿರಲಿ, ಮೀಯಲು ಬೀದಿಗೆ ಇಳಿದು ಸಾರ್ವಜನಿಕ ಸ್ನಾನಗೃಹಕ್ಕೇ ಹೋಗಬೇಕಿತ್ತು. 1927ರಲ್ಲಿ ಹೊಸದಾಗಿ ಕಟ್ಟಿದ ಮಿಕಿಯಾ ತನ್ನ ಜಾಗದಲ್ಲಿ ಸಿಕ್ಕ ಬಿಸಿನೀರನ್ನು ಬಳಸಿ ಒಳಸ್ನಾನ, ಅಂದರೆ ‘ಉಚಿಯು’, ಮಾಡಿಕೊಂಡಿತು. ಊರು ಸಿಡಿದೆದ್ದಿತು. ನನ್ನ ನೆಲದಲ್ಲಿ ಉಕ್ಕಿದ ನೀರು ನನ್ನದು ಎಂಬುದು ಒಂದು ವಾದ. ಬುಗ್ಗೆಗಳೆಲ್ಲ ಅನಾದಿಯಿಂದ ಊರೊಟ್ಟಿನ ಸೊತ್ತು, ಒಬ್ಬ ಎಳೆದುಕೊಂಡರೆ ಉಳಿದವರ ನೀರು ಬತ್ತುತ್ತದೆ ಎಂಬುದು ಇನ್ನೊಂದು.

ಎರಡೂ ವಾದಗಳಲ್ಲಿ ತೂಕವಿದೆ. ದೊಡ್ಡ ವಸತಿಗೃಹಗಳಿಗೆ ಒಳಸ್ನಾನ ಬಂದರೆ ಅತಿಥಿ ಹೊರಗೆ ಕಾಲಿಡುವುದೇ ಇಲ್ಲ. ಬೀದಿಬದಿಯ ಅಂಗಡಿ, ತಿಂಡಿ ಮನೆ, ನೀರು ಎಳೆಯಲು ಹಣವಿಲ್ಲದ ಸಣ್ಣ ವಸತಿಗೃಹ ಇವೆಲ್ಲ ಸೊರಗುತ್ತವೆ ಎಂಬ ಭಯ ಸುಳ್ಳೇನಾಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಜಪಾನಿನ ಎಷ್ಟೋ ಬುಗ್ಗೆಯ ಊರುಗಳಲ್ಲಿ ಸ್ನಾನ, ಊಟ, ಅಂಗಡಿ, ಮನರಂಜನೆ ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟುಕೊಂಡ ಬೃಹತ್ ಹೋಟೆಲುಗಳು ಎದ್ದು, ಬೀದಿಗಳು ಬರಿದಾದದ್ದನ್ನು ನೋಡಿದರೆ ಆ ಭಯ ಮುಂಗಾಣ್ಕೆಯೂ ಆಗಿತ್ತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಯುದ್ಧವೂ ಬಂದು ಹೋಯಿತು. ಕೊನೆಗೆ 1950ರಲ್ಲಿ ರಾಜಿಯಾಯಿತು. ಬುಗ್ಗೆಗಳ ಮೇಲಿನ ಹಕ್ಕು ಊರೊಟ್ಟಿನ ಸೊತ್ತನ್ನು ನೋಡಿಕೊಳ್ಳುವ ಯುಶಿಮಾ ಆಸ್ತಿ ವಲಯಕ್ಕೆ ಸೇರಿದ್ದು. ವಸತಿಗೃಹಗಳು ಒಳಸ್ನಾನ ಇಟ್ಟುಕೊಳ್ಳಬಹುದು, ಆದರೆ ಅದರ ಗಾತ್ರಕ್ಕೆ ಮಿತಿಯಿರಬೇಕು. 1972ರಿಂದ ಎಲ್ಲ ಬುಗ್ಗೆಗಳ ನೀರನ್ನೂ ಒಂದೆಡೆ ಕೂಡಿಸಿ, ಕೊಳವೆಗಳಲ್ಲಿ ಊರೆಲ್ಲ ಸುತ್ತಿಸಿ ಹಂಚುವ ಏರ್ಪಾಡು ಬಂತು. ಹಾಗಾಗಿ ಯಾವ ಸ್ನಾನಗೃಹಕ್ಕೆ ಹೋದರೂ, ಯಾವ ವಸತಿಗೃಹದ ತೊಟ್ಟಿಗೆ ಇಳಿದರೂ ನೀರು ಒಂದೇ: ಸೋಡಿಯಂ, ಕ್ಯಾಲ್ಸಿಯಂ ಕ್ಲೋರೈಡುಗಳಿರುವ, ಬಣ್ಣವಿಲ್ಲದ, ತುಸು ಉಪ್ಪಾದ ನೀರು. ಉಪ್ಪಿನಿಂದಾಗಿ ಮೈಯ ಬಿಸಿ ಬೇಗ ಆರುವುದಿಲ್ಲ.

ಏಳು ಸ್ನಾನಗೃಹಗಳು

ನೀರು ಒಂದೇ ಆದಮೇಲೆ ಏಳು ಸ್ನಾನಗೃಹಗಳಿಗೂ ಹೋಗುವುದೇಕೆ ಎಂದು ಕೇಳಬಹುದು. ಕಟ್ಟಡಗಳು ಬೇರೆ ಬೇರೆ, ಅವುಗಳ ನಡುವಿನ ನಡಿಗೆಯೂ ಸ್ನಾನದಷ್ಟೇ ಮುಖ್ಯ. ‘ಸೊತೊಯು ಮೆಗುರಿ’ ಎಂದು ಕರೆಯುವ ಈ ಹೊರಸ್ನಾನಗಳ ಸುತ್ತಾಟವೇ ಕಿನೊಸಾಕಿಯ ಭೇಟಿಯ ತಿರುಳು.

ಸಾತೊನೊಯು ನಿಲ್ದಾಣದ ಮಗ್ಗುಲಲ್ಲೇ ಇದೆ. ಜಿಜೋಯುವಿನ ಹೆಸರು ಅದರ ಬುಗ್ಗೆಯಲ್ಲಿ ಸಿಕ್ಕಿತೆನ್ನುವ ಜಿಜೋ (ಕ್ಷಿತಿಗರ್ಭ ಬೋಧಿಸತ್ವ) ಮೂರ್ತಿಯಿಂದ ಬಂದದ್ದು, ಕಿಟಕಿಗಳಲ್ಲಿ ಗೆಂಬುದೊ ಕಲ್ಲಿನ ಷಟ್ಕೋನವನ್ನೇ ಮೂಡಿಸಿದ್ದಾರೆ. ಯನಾಗಿಯು ಸಣ್ಣದು, ಮರದ್ದು. ಚೀನಾದ ಪಶ್ಚಿಮ ಸರೋವರದಿಂದ ತಂದು ನೆಟ್ಟ ವಿಲೋ ಮರದ ಬುಡದಲ್ಲಿ ಹುಟ್ಟಿದ್ದೆಂದು ಕಥೆ. ಇಚಿನೊಯು ಒಂದು ಸೇತುವೆಯ ಪಕ್ಕ, ಊರಿನ ನಡುಮಧ್ಯೆ, ಕಬುಕಿ ರಂಗಮಂದಿರವನ್ನು ನೆನಪಿಸುವ ಮುಖಮಂಟಪದೊಂದಿಗೆ ನಿಂತಿದೆ. ಒಳಗೆ ಬಂಡೆ ಕೊರೆದು ಮಾಡಿದ ಗುಹೆಯ ತೊಟ್ಟಿ ಇದೆ. ಗೋಶೊನೊಯು 2005ರಲ್ಲಿ ಈಗಿನ ಜಾಗಕ್ಕೆ ಬಂದು, ಕ್ಯೋಟೊ ಅರಮನೆಯ ಶೈಲಿಯಲ್ಲಿ ಹೊಸದಾಗಿ ಎದ್ದಿತು. ಮಂದಾರಾಯು ಬೆಟ್ಟದ ಬುಡದ ಅಡ್ಡ ಓಣಿಯಲ್ಲಿದೆ. ಎಲ್ಲಕ್ಕಿಂತ ಒಳಗೆ, ನಿಲ್ದಾಣಕ್ಕೆ ಅತಿ ದೂರದಲ್ಲಿರುವುದು ಕೋನೊಯು, ಅಲ್ಲಿ ಮರಗಳ ನಡುವೆ ತೆರೆದ ತೊಟ್ಟಿ ಇದೆ. ಸಮಯವಿಲ್ಲದವರು ಇಚಿನೊಯು ಮತ್ತು ಕೋನೊಯು ಎರಡನ್ನು ಆರಿಸಿಕೊಂಡರೆ ಊರಿನ ನಡುವನ್ನೂ ಅಂಚನ್ನೂ ಕಂಡಂತಾಗುತ್ತದೆ.

ಊರಿನಲ್ಲಿ ತಂಗಿದವರಿಗೆ ಈ ಸ್ನಾನಗೃಹಗಳ ಪ್ರವೇಶ ಉಚಿತ. ವಸತಿಗೃಹವೇ ಪಾಸು ಕೊಡುತ್ತದೆ. ದಿನದ ಮಟ್ಟಿಗೆ ಬಂದವರು ಟಿಕೇಟು ಕೊಳ್ಳಬೇಕು. ವಾರದಲ್ಲಿ ಒಂದೊಂದು ದಿನ ಒಂದೊಂದು ಸ್ನಾನಗೃಹಕ್ಕೆ ರಜೆ, ಆದ್ದರಿಂದ ಏಳನ್ನೂ ಒಂದೇ ದಿನ ಮುಗಿಸುವ ಹಟ ಸಾಮಾನ್ಯವಾಗಿ ಕೈಗೂಡುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಒಳಹೊಕ್ಕವರಿಗೆ ‘ಇಚಿಬಾನ್ ಫುದಾ’ ಎಂಬ ಬಿಲ್ಲೆ ಕೊಡುತ್ತಾರೆ. ಅದಕ್ಕಾಗಿ ಚಳಿಯಲ್ಲೂ ಸಾಲು ನಿಲ್ಲುವವರಿದ್ದಾರೆ.

ನೀರಿಗೆ ಇಳಿಯುವ ರೀತಿ ಜಪಾನಿನ ಎಲ್ಲ ಬುಗ್ಗೆಗಳಲ್ಲಿರುವಂಥದ್ದೇ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗ. ಒಳಗೆ ಬಟ್ಟೆಯಿಲ್ಲ, ಈಜುಡುಗೆಯೂ ಇಲ್ಲ. ಗಿಡ್ಡ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಮೈಯನ್ನು ಪೂರಾ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು. ತೊಟ್ಟಿ ಇರುವುದು ಕೊಳೆ ಕಳೆಯಲಿಕ್ಕಲ್ಲ, ನೆನೆಯಲಿಕ್ಕೆ. ಕೈಯಲ್ಲಿರುವ ಸಣ್ಣ ಟವೆಲನ್ನು ನೀರಿಗೆ ಅದ್ದಬಾರದು, ಉದ್ದ ಕೂದಲನ್ನು ಎತ್ತಿ ಕಟ್ಟಬೇಕು. ನೀರು ಬಿಸಿ, ಮೊದಲ ಸಲದವರು ಕೆಲವೇ ನಿಮಿಷಕ್ಕೆ ಎದ್ದು, ನೀರು ಕುಡಿದು, ಸ್ವಲ್ಪ ಆರಿಸಿಕೊಂಡು ಮುಂದಿನದಕ್ಕೆ ಹೋಗುವುದು ಕ್ಷೇಮ. ಹಚ್ಚೆ ಹಾಕಿಸಿಕೊಂಡವರನ್ನು ಜಪಾನಿನ ಅನೇಕ ಕಡೆ ಒಳಗೆ ಬಿಡುವುದಿಲ್ಲ, ಕಿನೊಸಾಕಿಯ ಏಳೂ ಸ್ನಾನಗೃಹಗಳಲ್ಲಿ ಅಂಥ ತಡೆಯಿಲ್ಲ.

ವಸತಿಗೃಹಗಳು

ಊರಿನಲ್ಲಿ 70ಕ್ಕೂ ಹೆಚ್ಚು ರಿಯೋಕಾನ್‌ಗಳಿವೆ. ರಿಯೋಕಾನ್ ಎಂದರೆ ಜಪಾನಿನ ಸಾಂಪ್ರದಾಯಿಕ ವಸತಿಗೃಹ. ಹೆಚ್ಚಿನವು ಸಣ್ಣವು, ಒಂದೇ ಕುಟುಂಬ ತಲೆಮಾರುಗಳಿಂದ ನಡೆಸಿಕೊಂಡು ಬಂದವು. 1860ರ ಹೊತ್ತಿಗೆ ಆರಂಭವಾದ ನಿಶಿಮುರಾಯಾ ಊರಿನ ಅತಿ ಹೆಸರಾದ ಮನೆ. ತೋಟದ ಸುತ್ತ ಹಬ್ಬಿದ ಅದರ ಕಟ್ಟಡಗಳಲ್ಲಿ ಒಂದು ಭಾಗವನ್ನು, ಜಪಾನೀ ಮರಗೆಲಸದ ಸೂಕ್ಷ್ಮವನ್ನು ಆಧುನಿಕ ವಾಸ್ತುವಿಗೆ ತಂದ ಹಿರಾತಾ ಮಸಾಯಾ ರೂಪಿಸಿದ. ಮಿಕಿಯಾ ಇನ್ನೂ ನಡೆಯುತ್ತಿದೆ. ಭೂಕಂಪದ ನಂತರ ಎದ್ದ ಅದರ ಮರದ ಕಟ್ಟಡಕ್ಕೆ ಈಗ ರಾಷ್ಟ್ರದ ಸಾಂಸ್ಕೃತಿಕ ಆಸ್ತಿಯ ಪಟ್ಟಿಯಲ್ಲಿ ಸ್ಥಾನವಿದೆ.

ರಿಯೋಕಾನ್‌ನಲ್ಲಿ ತಂಗುವುದು ಒಂದು ರಾತ್ರಿ, ಎರಡು ಊಟದ ಲೆಕ್ಕ. ಮಧ್ಯಾಹ್ನ ಮೂರರ ಸುಮಾರಿಗೆ ಬಂದು, ರಾತ್ರಿಯ ಊಟ ಮತ್ತು ಬೆಳಗಿನ ಊಟ ಮುಗಿಸಿ ಹೊರಡುವುದು. ದರ ಕೋಣೆಗಲ್ಲ, ತಲೆಗೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಡಬೇಕು. ಕೋಣೆಯ ನೆಲ ತತಾಮಿ ಚಾಪೆ, ಅದರ ಮೇಲೆ ಮನೆಯೊಳಗಿನ ಚಪ್ಪಲಿಯೂ ಸಲ್ಲ. ಗೋಡೆಯಲ್ಲಿ ತೊಕೊನೊಮಾ ಎಂಬ ಗೂಡು, ಅಲ್ಲಿ ಋತುವಿಗೆ ಹೊಂದುವ ಒಂದು ಚಿತ್ರಸುರುಳಿ, ಒಂದು ಹೂ. ಹಗಲು ಗಿಡ್ಡ ಮೇಜಿಟ್ಟು ಚಹಾ ಕುಡಿದ ಕೋಣೆಯಲ್ಲೇ ರಾತ್ರಿ ಹಾಸಿಗೆ ಬಿಚ್ಚುತ್ತಾರೆ. ಮನೆಯನ್ನು ನಡೆಸುವ ಯಜಮಾನಿಯನ್ನು ಒಕಾಮಿ ಎನ್ನುತ್ತಾರೆ. ಅತಿಥಿಗಳ ಊಟ ಉಪಚಾರ ನೋಡಿಕೊಳ್ಳುವವರು ನಕಾಯಿ. ರಿಯೋಕಾನ್‌ನ ಮಟ್ಟ ತಿಳಿಯುವುದು ಅವರಿಂದ.

ಕೋಣೆಯಲ್ಲಿ ಇಟ್ಟಿರುವ ಯುಕಾತಾ ಎಂಬ ಹತ್ತಿಯ ನಿಲುವಂಗಿಯನ್ನು ಉಟ್ಟು, ಗೆತಾ ಎಂಬ ಮರದ ಹಾವುಗೆ ಮೆಟ್ಟಿ ಬೀದಿಗೆ ಇಳಿಯುವುದು ಕಿನೊಸಾಕಿಯ ವಾಡಿಕೆ. ಬೇರೆ ಊರುಗಳಲ್ಲಿ ಯುಕಾತಾ ವಸತಿಗೃಹದ ಒಳಗಿನ ಉಡುಪು. ಇಲ್ಲಿ ಊರಿನ ಉಡುಪು. ಎಡಸೆರಗು ಬಲಸೆರಗಿನ ಮೇಲೆ ಬರಬೇಕು. ಬಲಸೆರಗು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಒಂದೊಂದು ವಸತಿಗೃಹಕ್ಕೂ ಅದರದೇ ವಿನ್ಯಾಸವಿರುವುದರಿಂದ ಯಾರು ಎಲ್ಲಿಯ ಅತಿಥಿ ಎಂಬುದು ಅಂಗಡಿಯವರಿಗೆ ದೂರದಿಂದಲೇ ತಿಳಿಯುತ್ತದೆ. ಸಂಜೆ ಊಟಕ್ಕೆ ಮುಂಚೆ ಮತ್ತು ಊಟದ ನಂತರ ಇಡೀ ಬೀದಿ ಗೆತಾದ ಟಕಟಕ ಸದ್ದಿನಿಂದ ತುಂಬಿರುತ್ತದೆ. ಒಳಸ್ನಾನಕ್ಕೆ ಮಿತಿ ಹಾಕಿದ ಆ ರಾಜಿಯ ಫಲ ಕಣ್ಣಿಗೂ ಕಿವಿಗೂ ಸಿಗುವುದು ಆ ಹೊತ್ತಿನಲ್ಲಿ.

ರಾತ್ರಿಯ ಊಟ ಕೈಸೆಕಿ ಕ್ರಮದ್ದು: ಸಣ್ಣ ಸಣ್ಣ ತಟ್ಟೆಗಳಲ್ಲಿ ಒಂದಾದಮೇಲೊಂದು ಬರುವ ಬಗೆಗಳು. ನವೆಂಬರ್ ಮೊದಲ ವಾರದಿಂದ ಮಾರ್ಚ್‌ವರೆಗೆ ಇಲ್ಲಿನ ರಾಜ ಮತ್ಸುಬಾ ಏಡಿ. ಹತ್ತಿರದ ತ್ಸುಇಯಾಮಾ ಬಂದರಿಗೆ ಬಂದ ಏಡಿಯ ಕಾಲಿಗೆ ನೀಲಿ ಬಿಲ್ಲೆ ಕಟ್ಟಿರುತ್ತಾರೆ. ದರಗಳು ಏರುವುದೂ ಕೋಣೆ ಸಿಗದಿರುವುದೂ ಆ ತಿಂಗಳುಗಳಲ್ಲೇ. ತಾಜಿಮಾ ದನದ ಮಾಂಸ ವರ್ಷವಿಡೀ ಸಿಗುತ್ತದೆ. ಸಸ್ಯಾಹಾರಿಗಳು ಕೋಣೆ ಕಾದಿರಿಸುವಾಗಲೇ ಸ್ಪಷ್ಟವಾಗಿ ತಿಳಿಸುವುದು ಅಗತ್ಯ. ಬರೀ ತರಕಾರಿಯಂತೆ ಕಾಣುವ ಸಾರು, ಪಲ್ಯಗಳಿಗೂ ಒಣಮೀನಿನಿಂದ ತೆಗೆದ ದಾಶಿ ಎಂಬ ಕಟ್ಟು ಸಾಮಾನ್ಯವಾಗಿ ಬೆರೆತಿರುತ್ತದೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು, ಮೀನಿನ ದಾಶಿಯೂ ಬೇಡ ಎನ್ನಬೇಕು. ಎಲ್ಲ ವಸತಿಗೃಹಗಳೂ ಒಪ್ಪುವುದಿಲ್ಲ. ಒಪ್ಪಿದವರು ಶ್ರದ್ಧೆಯಿಂದ ಮಾಡಿಕೊಡುತ್ತಾರೆ.

ಸುತ್ತಮುತ್ತ

ದೈಶಿ ಬೆಟ್ಟಕ್ಕೆ 1963ರಿಂದ ರೋಪ್‌ವೇ ಇದೆ. ನಡುವಿನ ನಿಲ್ದಾಣದಲ್ಲಿ ಇಳಿದರೆ ಒನ್‌ಸೆನ್‌ಜಿ. ಊರಿನ ಕೈಕಸುಬು ಬಣ್ಣ ಹಾಕಿದ ಜವೆಗೋಧಿ ಹುಲ್ಲನ್ನು ಸೀಳಿ, ಚಪ್ಪಟೆ ಮಾಡಿ, ಪೆಟ್ಟಿಗೆಗಳ ಮೇಲೆ ಅಂಟಿಸುವ ಮುಗಿವಾರಾ ಕೆಲಸ. 19ನೇ ಶತಮಾನದಲ್ಲಿ ಜಪಾನಿನಲ್ಲಿದ್ದ ವೈದ್ಯ ಸೀಬೋಲ್ಟ್ ಇದರ ಮಾದರಿಗಳನ್ನು ಯುರೋಪಿಗೆ ಒಯ್ದಿದ್ದ.

ಮರುಯಾಮಾ ನದಿಯ ಆಚೆ ದಂಡೆಯ ಗೆಂಬುದೊ ಗುಹೆಗಳನ್ನು ಬಿಟ್ಟು ಬರಬಾರದು. ಸುಮಾರು 16 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಷಟ್ಕೋನದ ಕಂಬಗಳಾಗಿ ಬಿರಿದ ಸ್ಥಳ ಇದು. ಜಪಾನೀ ಭಾಷೆಯಲ್ಲಿ ಬಸಾಲ್ಟ್ ಶಿಲೆಗೆ ಹೆಸರು ಬಂದದ್ದೇ ಈ ಗುಹೆಯಿಂದ. ಭೂವಿಜ್ಞಾನಿ ಮತ್ಸುಯಾಮಾ ಮೊತೊನೊರಿ 1926ರಲ್ಲಿ ಇಲ್ಲಿನ ಕಲ್ಲನ್ನು ಪರೀಕ್ಷಿಸಿದಾಗ ಅದರಲ್ಲಿ ಅಚ್ಚಾಗಿದ್ದ ಕಾಂತೀಯ ದಿಕ್ಕು ಇಂದಿನ ದಿಕ್ಕಿಗೆ ತಿರುವುಮುರುವಾಗಿತ್ತು. ಭೂಮಿಯ ಕಾಂತಕ್ಷೇತ್ರ ಒಂದು ಕಾಲದಲ್ಲಿ ಬುಡಮೇಲಾಗಿತ್ತು ಎಂದು ಅವರು 1929ರಲ್ಲಿ ಪ್ರತಿಪಾದಿಸಿದರು. ಆಗ ಹೆಚ್ಚು ಜನ ಒಪ್ಪಲಿಲ್ಲ. ಇಂದು ಆ ತಿರುವುಮುರುವಿನ ಯುಗಕ್ಕೆ ಅವರ ಹೆಸರೇ ಇದೆ.

ಐತಿಹ್ಯದ ಕೊಕ್ಕರೆಯದು ಬೇರೆಯೇ ಕಥೆ. ಜಪಾನಿನ ಕಟ್ಟಕಡೆಯ ಕಾಡುಕೊಕ್ಕರೆ ಸತ್ತದ್ದು 1971ರಲ್ಲಿ, ಇದೇ ತೊಯೊಓಕಾ ಬಯಲಿನಲ್ಲಿ. ಗದ್ದೆಗಳಿಗೆ ಸುರಿದ ಕೀಟನಾಶಕ, ಬತ್ತಿದ ಜೌಗು, ಕಡಿದ ಮರಗಳು ಅದಕ್ಕೆ ಕಾರಣ. 1985ರಲ್ಲಿ ರಷ್ಯಾದ ಖಬರೋವ್‌ಸ್ಕ್‌ನಿಂದ ತಂದ ಮರಿಗಳನ್ನು ಸಾಕಿ, 1989ರಲ್ಲಿ ಮೊದಲ ಸಲ ಮರಿ ಮಾಡಿಸಿ, 2005ರಲ್ಲಿ ಐದು ಹಕ್ಕಿಗಳನ್ನು ಬಯಲಿಗೆ ಬಿಟ್ಟರು. ರೈತರು ವಿಷ ಕಡಿಮೆ ಮಾಡಿ, ಗದ್ದೆಯಲ್ಲಿ ನೀರು ಹೆಚ್ಚು ಕಾಲ ನಿಲ್ಲಿಸಿ, ಕಪ್ಪೆ ಮೀನುಗಳಿಗೆ ಜಾಗ ಕೊಟ್ಟು ಬೆಳೆದ ಅಕ್ಕಿ ‘ಕೊಕ್ಕರೆ ಅಕ್ಕಿ’ ಎಂದು ಮಾರಾಟವಾಗುತ್ತದೆ. ರೈಲಿನ ಕಿಟಕಿಯಿಂದ ಈಗ ಗದ್ದೆಯಲ್ಲಿ ನಿಂತ ಕೊಕ್ಕರೆ ಕಂಡರೆ ಅದು ಊರವರ ಇಷ್ಟು ವರ್ಷಗಳ ದುಡಿಮೆ.

ಈಚಿನ ದಿನಗಳು

ಶಿಗಾ ಬಂದು ನೂರು ವರ್ಷವಾದ 2013ರಲ್ಲಿ ವಸತಿಗೃಹಗಳ ಹೊಸ ತಲೆಮಾರಿನ ಒಡೆಯರು ಪ್ರಕಾಶನವೊಂದನ್ನು ಆರಂಭಿಸಿದರು. ಹೆಸರಾಂತ ಲೇಖಕರನ್ನು ಕರೆಸಿ, ಉಳಿಸಿಕೊಂಡು, ಕಿನೊಸಾಕಿಯ ಮೇಲೆ ಬರೆಸಿ, ಆ ಪುಸ್ತಕಗಳನ್ನು ಈ ಊರಿನಲ್ಲಿ ಮಾತ್ರ ಮಾರುತ್ತಾರೆ. ಮಕಿಮೆ ಮನಾಬು ಅವರ ಪುಸ್ತಕ ನೀರಿಗೆ ನೆನೆಯದ ಕಾಗದದಲ್ಲಿ ಅಚ್ಚಾಗಿದೆ, ಹೊದಿಕೆ ಟವೆಲ್ ಬಟ್ಟೆಯದು. ತೊಟ್ಟಿಯಲ್ಲಿ ಕುಳಿತೇ ಓದಬಹುದು. ಮಿನಾತೊ ಕನಾಎ ಅವರ ಪುಸ್ತಕದ ರಕ್ಷಾಕವಚ ಏಡಿಯ ಚಿಪ್ಪಿನಂತೆ ಒರಟು. 2014ರಲ್ಲಿ ಹಳೆಯ ಸಭಾಭವನವೊಂದು ಕಿನೊಸಾಕಿ ಅಂತರರಾಷ್ಟ್ರೀಯ ಕಲಾಕೇಂದ್ರವಾಯಿತು. ಜಗತ್ತಿನ ರಂಗತಂಡಗಳೂ ನೃತ್ಯತಂಡಗಳೂ ಇಲ್ಲಿ ವಾಸ್ತವ್ಯ ಹೂಡಿ ಹೊಸ ಪ್ರಯೋಗಗಳನ್ನು ಕಟ್ಟುತ್ತವೆ. ನಾಟಕಕಾರ ಹಿರಾತಾ ಓರಿಜಾ ತಮ್ಮ ನೆಲೆಯನ್ನೇ ತೊಯೊಓಕಾಕ್ಕೆ ಬದಲಿಸಿಕೊಂಡರು. 2021ರಲ್ಲಿ ಕಲೆ ಮತ್ತು ಪ್ರವಾಸೋದ್ಯಮವನ್ನು ಒಟ್ಟಿಗೆ ಕಲಿಸುವ ಉನ್ನತ ವಿದ್ಯಾಸಂಸ್ಥೆಯೂ ಆ ನಗರದಲ್ಲಿ ತೆರೆಯಿತು.

ಕ್ಯೋಟೊದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡೂವರೆ ಗಂಟೆ ಪ್ರಯಾಣ, ಒಸಾಕಾದಿಂದ ಅದಕ್ಕಿಂತ ತುಸು ಹೆಚ್ಚು. ಏಪ್ರಿಲ್‌ನಲ್ಲಿ ಹೊಳೆದಂಡೆಯ ಚೆರ್ರಿ ಅರಳುತ್ತದೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಏಡಿಯ ಕಾಲವೂ ಅದೇ. ಜೂನ್‌ನ ಮಳೆಯ ವಾರಗಳಲ್ಲಿ ಜನ ಕಡಿಮೆ, ದರವೂ ಕಡಿಮೆ. ಹಗಲು ಬಂದು ಸಂಜೆಯ ರೈಲಿಗೆ ಹೊರಡುವವರಿಗೆ ಸ್ನಾನವೇನೋ ಆಗುತ್ತದೆ, ಆದರೆ ಊರು ಯುಕಾತಾ ಉಟ್ಟು ಬೀದಿಗೆ ಇಳಿಯುವುದು ಅವರು ಹೋದಮೇಲೆ. ಹಾಗಾಗಿ ಒಂದು ರಾತ್ರಿಯಾದರೂ ತಂಗುವಂತೆ ಯೋಜಿಸಿಕೊಳ್ಳುವುದು ಒಳ್ಳೆಯದು.